ಕೈ ಅಡ್ಡ

ಬಂದರಿನ ದಕ್ಕೆಯಲ್ಲಿ ನನ್ನ ಕೆಲಸ
ದೋಣಿಗಳ ಫೋಟೋ ತೆಗೆಯುವುದು.
ಲೈಸೆನ್ಸು ಹೊಸತು ಮಾಡಲಿಕ್ಕೆ, ವಿಮೆಗೆ:
ಎಡ ಮಗ್ಗುಲು ಒಂದು, ಬಲ ಮಗ್ಗುಲು ಒಂದು,
ಮೂತಿಯ ನಂಬರು ಓದುವಂತೆ ಒಂದು.

ದೋಣಿಯವರಿಗೆ ಪುರುಸೊತ್ತು ಸಂಜೆಗೇ.
ಆಗ ಸೂರ್ಯ ಆಚೆ ಬೆಂಗ್ರೆಯ ತಲೆಮೇಲೆ ಕೂತು
ನೇರ ನನ್ನ ಗಾಜಿನೊಳಗೆ ಇಣುಕುತ್ತಾನೆ.
ಚಿತ್ರದ ತುಂಬ ಗಂಜಿತಿಳಿ ಚೆಲ್ಲಿದ ಬಿಳುಪು,
ಅದರ ಮೇಲೆ ಆರು ಮೂಲೆಯ ಬೆಳಕಿನ ಬೊಟ್ಟುಗಳು.
ಕಚೇರಿಯವರು ಮೂರು ಸಲ ವಾಪಸು ಕಳಿಸಿದರು:
"ಇದು ಎಂಟೋ ಮೂರೋ?"

ಹಾಗೆ ಕೈ ಅಡ್ಡ ಹಿಡಿಯಲು ಕಲಿತೆ.
ಎಡಗೈ, ಲೆನ್ಸಿನ ಹಣೆಯ ಮೇಲೆ,
ಹನ್ನೊಂದು ವರ್ಷ.
ಹತ್ತರಲ್ಲಿ ಎರಡು ಚಿತ್ರಕ್ಕೆ
ಮೇಲಿನ ಮೂಲೆಯಲ್ಲಿ ನನ್ನ ಕಿರುಬೆರಳು,
ಮಸುಕಾಗಿ, ಬೆಂದ ಸಿಗಡಿಯ ಹಾಗೆ ಕೊಂಕಿ.

ಕೊನೆಗೆ ಹಂಪನಕಟ್ಟೆಯ ಮಾಳಿಗೆ ಹತ್ತಿ
ವಲೇರಿಯನ್ ಕುಟಿನ್ಹರ ಮುಂದೆ ಕೂತೆ.
ಕ್ಯಾಮರಾ ರಿಪೇರಿಯವರು, ಮಾತು ಕಡಿಮೆ.
ಬಿಸ್ಕತ್ತಿನ ಡಬ್ಬಿಯೊಂದನ್ನು ಮೇಜಿನ ಮೇಲೆ ಮಗುಚಿದರು:
ಕಪ್ಪು ಬಳೆಗಳು, ತಳವಿಲ್ಲದ ಲೋಟಗಳು,
ರಬ್ಬರಿನ ಮಡಚುವ ತುಟಿ,
ಕೇಪಳ ಹೂವಿನಂತೆ ನಾಲ್ಕೆಸಳಿನದೊಂದು.
ಎಲ್ಲ ಹುಡ್‌ಗಳು; ಲೆನ್ಸು ಮಾತ್ರ ಎಲ್ಲೆಲ್ಲಿಗೋ ಹೋಗಿವೆ.

ನಾನು ಉದ್ದದ್ದನ್ನೇ ಎತ್ತಿಕೊಂಡೆ.
ಉದ್ದ ಇದ್ದಷ್ಟೂ ನೆರಳು ಜಾಸ್ತಿ ಅಲ್ಲವಾ?
ಹಾಕಿ ತೋರಿಸಿದರು.
ನಾಲ್ಕೂ ಮೂಲೆ ಕತ್ತಲು,
ಬಾವಿಗೆ ಬಿದ್ದವರಿಗೆ ಕಾಣುವಷ್ಟೇ ಆಕಾಶ.
"ಇದು ದೂರದ್ದನ್ನು ಎಳೆದು ತರುವ ಲೆನ್ಸಿಗೆ ಮಾರಾಯ್ತಿ.
ನಿನ್ನದು ಅಗಲ ನೋಡುವಂಥದ್ದು.
ಅದಕ್ಕೆ ಗಿಡ್ಡ ಸೂರು ಸಾಕು."

ಎರಡನೆಯದು ಕೂತಿತು, ಆದರೆ ಗಡಗಡ,
ಅಳತೆ ತಪ್ಪಿದ ಕಟ್ಟುಹಲ್ಲು.
"ಬಾಯಿ ಒಂದೇ ಅಳತೆ ಆದರೆ ಸಾಲುದಿಲ್ಲ,
ಕಚ್ಚು ಕಚ್ಚಿಗೆ ಸೇರಬೇಕು."

ಕೇಪಳ ಹೂವು ಉಳಿಯಿತು.
ಬಿಳಿ ಬೊಟ್ಟಿಗೆ ಬಿಳಿ ಬೊಟ್ಟು,
ಕಾಲು ಸುತ್ತು,
ಟಕ್.
ಆ ಸದ್ದಿಗೆ ಅವರ ಮುಖದಲ್ಲಿ ಮೊದಲ ಸಲ ಏನೋ ಹಾದುಹೋಯಿತು.
"ಉದ್ದ ಎಸಳು ಮೇಲೆ, ಕೆಳಗೆ. ಗಿಡ್ಡದ್ದು ಎಡ, ಬಲ.
ಓರೆ ಕೂತರೆ ಮೂಲೆ ತಿನ್ನುತ್ತದೆ.
ಚೀಲಕ್ಕೆ ಹಾಕುವಾಗ ಹಿಂದುಮುಂದು ತಿರುಗಿಸು.
ಕೆಲವರು ಫೋಟೋ ತೆಗೆಯುವಾಗಲೂ ಹಾಗೇ ಬಿಡ್ತಾರೆ,
ಕೊಡೆ ಬೆನ್ನಿಗೆ ಕಟ್ಟಿ ನೆನೆಯುವವರು."

ಒಂದೆಸಳಿನ ತುದಿ ಇಲಿ ಕಚ್ಚಿದ ಹಾಗಿತ್ತು.
ಅದಕ್ಕೆ ಎಪ್ಪತ್ತು ರೂಪಾಯಿ ಬಿಟ್ಟರು.

ಅದೇ ಸಂಜೆ ದಕ್ಕೆ.
ಸೂರ್ಯ ತನ್ನ ಜಾಗದಲ್ಲಿ, ನಾನು ನನ್ನ ಜಾಗದಲ್ಲಿ.
ನೀಲಿ ಬಣ್ಣ ನೀಲಿಯಾಗಿಯೇ ಬಂತು,
ತುಕ್ಕು ತುಕ್ಕಾಗಿ, ಎಂಟು ಎಂಟಾಗಿ.
ಎಡಗೈಗೆ ಮಾತ್ರ ಏನು ಮಾಡಬೇಕೆಂದು ತಿಳಿಯಲಿಲ್ಲ.
ಸೊಂಟದ ಮೇಲಿಟ್ಟೆ. ತೆಗೆದೆ. ಮೂಗು ತುರಿಸಿದೆ.

ಎರಡು ದಿನ ಬಿಟ್ಟು ಪ್ರತಿ ಕೊಟ್ಟಾಗ
ತಾಂಡೇಲ ಶಂಭು ಕರ್ಕೇರರು
ಫೋಟೋವನ್ನು ಅತ್ತ ಇತ್ತ ವಾಲಿಸಿ ನೋಡಿದರು.
"ಚಂದ ಉಂಟು. ನಿನ್ನ ಬೆರಳು ಎಲ್ಲಿ?"

ನಾನು ನಕ್ಕೆ. ಅವರು ನಗಲಿಲ್ಲ.
ಚುಕ್ಕಾಣಿಯ ಕೋಣೆಗೆ ಕರೆದು ತೋರಿಸಿದರು:
ದಿಕ್ಸೂಚಿಯ ಪಕ್ಕದಲ್ಲಿ
ಹಳೆಯದೊಂದು, ಅಂಚು ಉಪ್ಪು ತಿಂದದ್ದು,
ಅವರ ದೋಣಿ, ಗಂಜಿತಿಳಿ, ಸಿಗಡಿ.
"ಗಾಳಿ ಎದ್ದ ದಿನ ಇದನ್ನು ನೋಡುದು.
ದಡದಲ್ಲಿ ಯಾರೋ ಕೈ ಅಡ್ಡ ಹಿಡಿದು
ನಮ್ಮನ್ನೇ ನೋಡ್ತಾ ಇದ್ದಾರೆ ಅಂತ."

ಹೊಸತನ್ನು ಅವರು ಕಚೇರಿಯ ಫೈಲಿಗೆ ಸೇರಿಸಿದರು.

ಐಸು ತುಂಬಿಸಿಕೊಂಡು ದೋಣಿ ಹೊರಟಿತು.
ಹುಡ್ ತಿರುಗಿಸಿ ಹಾಕಿ, ಚೀಲದ ಜಿಪ್ಪು ಎಳೆದು,
ಬಸ್ಸಿಗೆ ಹೊತ್ತಾಯಿತೆಂದುಕೊಳ್ಳುತ್ತ ನಿಂತೇ ಇದ್ದೆ.
ಅಳಿವೆ ಬಾಗಿಲಿನ ಹತ್ತಿರ ನೀರೆಲ್ಲ ಬೆಂಕಿ,
ದೋಣಿ ಯಾವುದು, ಬಿಸಿಲು ಯಾವುದು?
ಕೈ ತಾನಾಗಿ ಮೇಲೆ ಹೋಯಿತು.

ನೋಟದ ಮೇಲಿನ ಮೂಲೆಯಲ್ಲಿ
ಮಸುಕಾಗಿ
ನನ್ನ ಕಿರುಬೆರಳು.