ಒಳಗಿನ ಅಗಳಿ

ಲೀಕ್ ಅಂದರೆ ಈರುಳ್ಳಿಯ ಉದ್ದನೆ ಸೋದರಮಾವ.
ವೇಲ್ಸಿನ ನಮ್ಮ ಈ ಮೂಲೆಯಲ್ಲಿ ಅದರ ದಪ್ಪಕ್ಕಾಗಿ
ಎರಡು ಮದುವೆ ಮುರಿದಿವೆ.
ಕೊಲೆ ಮಾತ್ರ ಇದೇ ಮೊದಲು.

ಸ್ಪರ್ಧೆಯ ತೀರ್ಪುಗಾರ ಯೂರ್ಫಿಲ್ ಪ್ರಾಬರ್ಟ್
ಸಭಾಭವನದ ಹಿಂದಿನ ಕೋಣೆಯಲ್ಲಿ
ಅಂಕಪಟ್ಟಿಗೆ ಕೆನ್ನೆ ಕೊಟ್ಟು ಒರಗಿದ್ದ.
ಪಕ್ಕದಲ್ಲಿ ಬೆಳ್ಳಿ ಬಟ್ಟಲು, ನೆಗ್ಗಿದ್ದು.
ತಲೆಯೂ ನೆಗ್ಗಿತ್ತು.
ಎರಡೂ ತಾಳೆಯಾಗುತ್ತಿದ್ದವು.

ಕಿಟಕಿ ಇಲ್ಲ. ಬೆಕ್ಕು ನುಸುಳದ ಒಂದು ಗವಾಕ್ಷಿ.
"ಒಳಗಿಂದ ಅಗಳಿ ಹಾಕಿದೆ!" ಟೆಗಿಡ್ ಕೂಗಿದ್ದ,
ನಾವು ಓಡಿದ್ದೆವು: ನಾಲ್ಕು ಭುಜ, ಒಂದು ಊರುಗೋಲು.
ಡಿಲ್ವಿನ್ ಬಸ್ಸಿನ ಚಾಲಕ, ಅವನ ಭುಜವೇ ಅರ್ಧ ಬಸ್ಸು.
ಮೂರನೇ ಗುದ್ದಿಗೆ ಬಾಗಿಲು ಚೌಕಟ್ಟು ಸಮೇತ ಒಳಗೆ ಬಿತ್ತು,
ಅದರ ಮೇಲೆ ನಾವು, ನಮ್ಮ ಮೇಲೆ ಗ್ವೆನ್ಲಿಯನ್,
ಎಂಬತ್ತೆರಡರ ಮುದುಕಿ, ಊರುಗೋಲಿನೊಂದಿಗೆ.

ಸೇತುವೆ ಮುಳುಗಿತ್ತು. ಪೊಲೀಸರು ಫೋನಿನಲ್ಲಿ
"ಏನನ್ನೂ ಮುಟ್ಟಬೇಡಿ" ಅಂದರು.
ಅಷ್ಟರಲ್ಲಿ ಎಲ್ಲ ಮುಟ್ಟಿ ಆಗಿತ್ತು.
ಪ್ರಾಬರ್ಟ್‌ನನ್ನು ಟೆಗಿಡ್‌ನ ಮಾಂಸದಂಗಡಿಯ
ಶೀತಲ ಕೋಣೆಯಲ್ಲಿ ಮಲಗಿಸಿದೆವು.
ಬಾಡಿಗೆ ಬೇಡ ಅಂದ, ಪುಣ್ಯಾತ್ಮ.

ಆಮೇಲೆ ತನಿಖೆ. ನಾವೇ ಐವರು.
ಮುರಿದ ಬಾಗಿಲನ್ನೇ ಎರಡು ಡ್ರಮ್ಮಿನ ಮೇಲಿಟ್ಟು
ಕಸೂತಿ ಬಟ್ಟೆ ಹಾಸಿ ಚಹಾ ಸುರಿದುಕೊಂಡೆವು.
ಬಟ್ಟೆಯಡಿ ಒಂದೆಡೆ ಏನೋ ಉಬ್ಬು;
ನನ್ನ ಕಪ್ಪು ಅಲ್ಲೇ ವಾಲಿ ವಾಲಿ ಚೆಲ್ಲುತ್ತಿತ್ತು.
ನಾನು ಜಾಗ ಬದಲಿಸಿದೆ. ಇದು ನನ್ನ ಪತ್ತೇದಾರಿ.

ಶಾಲೆಯ ಅಡುಗೆಯಾಕೆ ನೆರಿಸ್ ಅಂದಳು:
"ಮಂಜುಗಡ್ಡೆಯ ಚೂರಿ! ಕರಗಿ ಹೋಗಿದೆ."
ಬಟ್ಟಲು ನೆಗ್ಗಿದೆಯಲ್ಲ ಅಂದರೆ,
"ಅದು ದಾರಿ ತಪ್ಪಿಸಲು."
ಪಳಗಿಸಿದ ಕಡಲಹಕ್ಕಿ ಗವಾಕ್ಷಿಯಿಂದ ಬಂತು ಅಂತ ಡಿಲ್ವಿನ್.
ನಾನು ನಿವೃತ್ತ ಅಂಚೆಯವ, ಸಂದುಗಳ ಬಲ್ಲವ:
"ಬಾಗಿಲ ಸಂದಿಯಲ್ಲಿ ಉಣ್ಣೆ ದಾರ ತೂರಿಸಿ
ಹೊರಗಿಂದ ಅಗಳಿ ಎಳೆದಿದ್ದಾರೆ" ಅಂದೆ.
ಶೌಚಾಲಯದ ಬಾಗಿಲಲ್ಲಿ ಪ್ರಯೋಗ ನಡೆಯಿತು.
ಮೂರು ಉಂಡೆ ಉಣ್ಣೆ ಗೋಜಲಾಯಿತು,
ಡಿಲ್ವಿನ್ ಎರಡು ತಾಸು ಒಳಗಿದ್ದ.
ಟೆಗಿಡ್ ಎಲ್ಲರಿಗೂ ಕಡುಬು ತಂದಿದ್ದ,
ಎಲ್ಲ ವಾದಕ್ಕೂ "ಇರಬಹುದು" ಅನ್ನುತ್ತಿದ್ದ.

ಮೂರನೇ ದಿನ ಬಡಗಿ ಹೌವೆಲ್ ಬಂದ,
ಕಿವಿಗೆ ಪೆನ್ಸಿಲು, ಕೈಯಲ್ಲಿ ಅಳತೆಪಟ್ಟಿ.
"ಹೊಸ ಬಾಗಿಲು ಕೂರಿಸಬೇಕಲ್ಲ,
ಹಳೆಯದು ತೆರೆಯುತ್ತಿದ್ದದ್ದು ಒಳಕ್ಕೋ, ಹೊರಕ್ಕೋ?"

ಐದು ಬಾಯಿಗೆ ಬೀಗ.
ಆ ಊರಲ್ಲಿ ಅಂದು ನಿಜವಾಗಿ ಬಿದ್ದದ್ದು
ಅದೊಂದೇ ಬೀಗ.

ಗ್ವೆನ್ಲಿಯನ್ ಮೆಲ್ಲನೆ ಬಾಗಿ
ಮೇಜಿನ ಅಡಿಗೆ ಕತ್ತು ಹಾಕಿದಳು.
ಅಲ್ಲಿ ಹಿತ್ತಾಳೆಯ ಫಲಕ, ಫಳಫಳ:
'ಎಳೆಯಿರಿ.'
"ನಲವತ್ತು ವರ್ಷ, ಶನಿವಾರ ತಪ್ಪದೆ
ಇದನ್ನು ಉಜ್ಜಿದ್ದೇನೆ" ಅಂದಳು,
"ಓದಿರಲಿಲ್ಲ."
ಮೇಲಿನ ಬಟ್ಟೆ ಸರಿಸಿದಳು. ಉಬ್ಬಿನ ಜಾಗದಲ್ಲಿ ಅಗಳಿ,
ಹಿಂದಕ್ಕೆ ಸರಿದಂತೆಯೇ, ಅದ್ಯಾವ ಕಾಲದಲ್ಲೋ ಬಳಿದ
ಹಸಿರು ಬಣ್ಣದಲ್ಲಿ ಕಚ್ಚಿಕೊಂಡು ಕೂತಿತ್ತು.
ಅದನ್ನು ಹಾಕಲು ದೇವರಿಗೂ ಸುತ್ತಿಗೆ ಬೇಕಿತ್ತು.

ಹಾಕಿದೆ ಅಂದವನು ಯಾರು?
ಎಲ್ಲರೂ ಕಡುಬು ಅಗಿಯುವುದು ನಿಲ್ಲಿಸಿದೆವು.

ಟೆಗಿಡ್ ಕಪ್ಪು ಕೆಳಗಿಟ್ಟ. ಅದು ವಾಲಲಿಲ್ಲ.
"ಇಪ್ಪತ್ತೊಂಬತ್ತು ವರ್ಷ ಎರಡನೇ ಬಹುಮಾನ" ಅಂದ.
"ನನ್ನ ಸೊಪ್ಪಿಗೆ ಅವನು ಸೊಪ್ಪೇ ಹಾಕಲಿಲ್ಲ.
ಈ ಸಲ, ಮೂರನೇದು ಅಂದ."
ನೆರಿಸ್ ಕಣ್ಣೊರೆಸಿಕೊಂಡಳು;
ಅವಳೂ ಲೀಕ್ ಬೆಳೆಯುವವಳು.

ನೀರಿಳಿದು ಪೊಲೀಸರು ಬಂದರು, ಅವನನ್ನು ಕರೆದೊಯ್ದರು.
ಬಾಗಿಲು ಹೊಸದು, ಫಲಕ ಹಳೆಯದು,
ಈಗ ಕಣ್ಣಿನ ಮಟ್ಟಕ್ಕೇ ಜಡಿದಿದ್ದಾರೆ.
ನಿನ್ನೆ ಸಂಜೆ ಛತ್ರಿ ಮರೆತು ವಾಪಸು ಹೋದೆ.
ಮೊದಲು ತಳ್ಳಿದೆ.
ಅಲುಗಲಿಲ್ಲ.
ಕೂಗಲು ಬಾಯಿ ತೆರೆದಿದ್ದೆ.