ತೂಕದವನು

ಮೊದಲು ನಾನು ಅದಿರು ತೂಗುತ್ತಿದ್ದೆ.
ಸಂಡೂರಿನಿಂದ ಇಳಿದ ಲಾರಿ ಕಟ್ಟೆ ಹತ್ತಿದರೆ
ಗಾಜಿನ ಗೂಡಿನೊಳಗೆ ಕೆಂಪಗೆ ಉರಿಯುತ್ತಿತ್ತು ಅಂಕಿ.
ಅದನ್ನು ಬರೆಯುವುದಷ್ಟೇ ಕೆಲಸ. ಕೆಲವು ಸಲ
ಬರೆಯದೆ ಇರುವುದೂ.

ಗಣಿ ನಿಂತ ವರ್ಷ ಲಾರಿಗಳು ನಿಂತಲ್ಲೇ ಟೈರು ಕಳಕೊಂಡವು.
ಆಗ ಬಂದ ಗಾದಿಲಿಂಗಪ್ಪ,
ಕೌಲ್ ಬಜಾರಿನ ಜೀನ್ಸ್ ಧಣಿ.
ನೀಲಿ ಬಿಡದ ಉಗುರಿನ ಬೆರಳೆತ್ತಿ ಮೇಲೆ ತೋರಿಸಿದ:
'ಅದೂ ನಮ್ಮ ಬಣ್ಣಾನೇ ಐತೆ ನೋಡು.
ವಿಮಾನ ಬಿಡ್ತೀನಿ. ಬರ್ತೀಯಾ?'

ಹೆಸರು, ಹಗರಿ ಏರ್.
ಊರು ನಕ್ಕಿತು. ನೀರಿಲ್ಲದ ಹೊಳೆಯ ಹೆಸರಿಟ್ಟು
ಯಾರಾದರೂ ಹಾರುತ್ತಾರಾ?
'ಹೊಳೆ ಒಳಗೇ ಹರೀತೈತೆ, ತೋಡಬೇಕು ಅಷ್ಟೆ' ಅಂದ ಧಣಿ.
ಆ ಮಾತಿಗೆ ಬ್ಯಾಂಕಿನವರೂ ತಲೆದೂಗಿದರು.

ಎರಡು ವಿಮಾನ, ಒಂದೊಂದಕ್ಕೆ ಒಂಬತ್ತು ಸೀಟು.
ಬೆಳಿಗ್ಗೆ ಹೈದರಾಬಾದು, ಮಧ್ಯಾಹ್ನ ಗೋವಾ.
ಎಲ್ಲರಿಗೂ ಜೀನ್ಸಿನದೇ ಯೂನಿಫಾರ್ಮು,
ಕ್ಯಾಪ್ಟನ್ ಮೆನೆಜಿಸರಿಗೂ; ಬೇಸಿಗೆಯಲ್ಲಿ ಬೈಯುತ್ತಲೇ ತೊಟ್ಟರು.
ತಿನ್ನಲು ಪೊಟ್ಟಣದಲ್ಲಿ ಒಗ್ಗರಣೆ ಮಂಡಕ್ಕಿ.
ಅದಕ್ಕೆ ತೂಕವೇ ಇಲ್ಲವೆಂದು ಧಣಿಗೆ ಖುಷಿ.

ಸಣ್ಣ ವಿಮಾನಕ್ಕೆ ಗೊತ್ತಿರಬೇಕು ಪ್ರತಿಯೊಬ್ಬರ ಭಾರ.
ಹೆಸರು ಕೇಳಿ ಸೀಟು ಕೊಡುವ ಹಾಗಿಲ್ಲ.
ಹಾಗಾಗಿ ನಾನು.
ಡಾಕ್ಟರಮ್ಮ ಬಳೆ ಬಿಚ್ಚಿ ನಿಂತರು.
ಪ್ಲಾಟು ಮಾರುವವನು ಹೊಟ್ಟೆ ಒಳಗೆಳೆದುಕೊಂಡ,
ಹೊಟ್ಟೆ ಒಳಗೆಳೆದರೆ ಕಾಟ ಬೆದರುತ್ತದೆಯೇ!
ಒಬ್ಬ ಕಿವಿಯಲ್ಲಿ ಉಸುರಿದ, ಎರಡು ಕೆಜಿ ಕಡಿಮೆ ಬರಿ ಅಣ್ಣ,
ಮಾವನ ಮನೆಯವರು ಹಿಂದೆ ನಿಂತಾರೆ.
ಈ ಸಲ ಮಾತ್ರ ಇದ್ದುದನ್ನೇ ಬರೆದೆ.

ಮಂಗಳವಾರಗಳಂದು ರಸೂಲ್‌ಬಿ,
ಹೈದರಾಬಾದಿನ ದೊಡ್ಡಾಸ್ಪತ್ರೆಗೆ.
ಐವತ್ತೆರಡು. ಐವತ್ತು. ನಲವತ್ತಾರೂವರೆ.
ಅಂಕಿ ನೋಡಿ ನಾನು ತಲೆ ಎತ್ತುತ್ತಿರಲಿಲ್ಲ.
'ಹಗುರಾದಷ್ಟು ನಿಮಗೆ ಎಣ್ಣೆ ಉಳೀತಲ್ಲಪ್ಪ' ಅಂದಳು ಒಮ್ಮೆ.
ನಲವತ್ತೊಂದರ ಮುಂದೆ ಅವಳ ಸಾಲು ಖಾಲಿ.
ತೂಕ ಸರಿದೂಗಬೇಕಲ್ಲ, ಬಾಲದ ಕಡೆಯ ಆ ಸೀಟಿಗೆ
ಮರಳಿನ ಚೀಲ ಕೂರಿಸಿ ಬೆಲ್ಟು ಬಿಗಿದೆ.
ಹಗರಿಯದೇ ಮರಳು.

ಆಮೇಲೆ ಚೀಲಗಳು ಹೆಚ್ಚಿದವು.
ರಸ್ತೆ ಅಗಲವಾಯಿತು, ಎಣ್ಣೆಯವರು ರೊಕ್ಕ ಮೊದಲು ಅಂದರು,
ಒಂದು ವಿಮಾನ ತನ್ನ ಚಕ್ರ, ರೇಡಿಯೋ, ಕೊನೆಗೆ ಕಿಟಕಿಯ ಗಾಜನ್ನೂ
ಇನ್ನೊಂದಕ್ಕೆ ಬಿಚ್ಚಿಕೊಟ್ಟು
ಜಾಲಿಗಿಡದ ಪಕ್ಕ ಮೊಣಕಾಲೂರಿತು.
ಮೂರನೇ ತಿಂಗಳ ಸಂಬಳ ಆರು ಪ್ಯಾಂಟು,
ಎಲ್ಲವೂ ಮೂವತ್ತೆಂಟರ ಸೊಂಟದವು. ನನ್ನದು ಮೂವತ್ತೆರಡು.
ಕೊನೆಯ ವಾರ ಜನಕ್ಕಿಂತ ಮರಳೇ ಹೆಚ್ಚು ಹಾರಿತು.
ಕೋಟೆಗುಡ್ಡದ ಬಂಡೆಯ ಮೇಲೆ, ಮೋಡವಿಲ್ಲದ ಬಿಸಿಲಲ್ಲಿ,
ನಮ್ಮ ಹೊಳೆ ಗೋವಾಕ್ಕೆ ಹೋಗಿ ಬಂತು.

ಬಾಗಿಲು ಹಾಕುವ ದಿನ ಧಣಿ ಮೊದಲ ಸಲ ಕಾಟದ ಮೇಲೆ ನಿಂತ.
'ಎಷ್ಟು?'
ಎಪ್ಪತ್ನಾಲ್ಕು ಅಂದೆ.
'ನೋಟೀಸಿನ ಕಾಗದ ಸೇರಿಸಿ ಹೇಳು ಮಾರಾಯ' ಎಂದು
ಇಳಿದ, ಚಪ್ಪಲಿ ಮೆಟ್ಟಿದ,
'ನಿನ್ನ ಬಾಕಿಗೆ ಇದನ್ನೇ ಒಯ್ಯಿ' ಅಂದ.

ಸೀಟುಗಳು ಬಂಡಿಹಟ್ಟಿಯ ಕ್ಷೌರದಂಗಡಿಗೆ ಹೋದವು.
ಅಲ್ಲಿ ಅಳುವ ಮಕ್ಕಳಿಗೆ ಬೆಲ್ಟು ಕಟ್ಟಿ ಕೂದಲು ತೆಗೆಯುತ್ತಾರೆ.
ಕಾಟ ಮೋತಿ ಸರ್ಕಲ್ಲಿನ ಫುಟ್‌ಪಾತಿನಲ್ಲಿದೆ.
ಐದು ರೂಪಾಯಿ.
ಹತ್ತಿದವರಿಗೆ ಈಗಲೂ ಬಾಯಿತಪ್ಪಿ ಹೇಳುತ್ತೇನೆ,
ಕೈಚೀಲ ಹಿಡಕೊಂಡೇ ನಿಲ್ಲಿ.
'ಯಾತಕ್ಕಪ್ಪ?' ಅನ್ನುತ್ತಾರೆ. ಹೂಂ, ಯಾತಕ್ಕೆ.

ಆದರೂ ಸಂಜೆ ಬೀದಿದೀಪ ಬಂದ ಮೇಲೆ
ಹಳೆಯ ಪುಸ್ತಕದಲ್ಲಿ ಒಂಬತ್ತೊಂಬತ್ತಾಗಿ ಕೂರಿಸುತ್ತೇನೆ:
ದಪ್ಪನೆಯವರು ರೆಕ್ಕೆಯ ಹತ್ತಿರ, ತೆಳ್ಳನೆಯವರು ಹಿಂದೆ.
ನಿನ್ನೆ ಒಂಬತ್ತನೆಯವಳು ಪುಟ್ಟ ಹುಡುಗಿ,
ಕೈಯಲ್ಲಿ ಅರ್ಧ ಕಡಿದ ಮಿರ್ಚಿ,
ಹದಿನಾರು ಕೆಜಿ.
ಕಿಟಕಿ ಪಕ್ಕ, ಎಂದು ಬರೆದೆ.