ಎಂಟನೇ ದಿನದ ನೀರು

ಏಜೆಂಟ ಕಳಿಸಿದ ಡಬ್ಬಿಯೊಳಗ
ಏಳು ಪೊಟ್ಟಣ. ಮ್ಯಾಲ ಬರೇ ನಂಬರು.
ನೇಮಿಚಂದ ಶೇಟ್ರು ಒಂದನ್ನ ಹರಿದು ಮೂಸಿ
‘ಹುಲ್ಲು’ ಅಂದ್ರು. ‘ದುರ್ಗದ ಬೈಲಿನ ಮಂದಿಗೆ
ಚಮಚೆ ನಿಂದರೂವಂಥಾ ಚಾ ಬೇಕು.
ನೀ ಒಯ್ಯಿ. ಕುಡದು ಹೇಳು.’

ಹತ್ತೊಂಬತ್ತು ವರ್ಷ ಚಾಪುಡಿ ಅಂಗಡ್ಯಾಗ
ಲೆಕ್ಕಾ ಬರದೀನಿ.
ಸೆರಗಿಗೆ, ನೋಟಿಗೆ, ಮಧ್ಯಾಹ್ನದ ರೊಟ್ಟಿಗೆ
ಅದೇ ಕಂದು ಧೂಳಿನ ವಾಸನಿ.
ಹಸರು ಚಾ ಅಂದ್ರ
ಟೀವ್ಯಾಗ ತೆಳ್ಳಗಿದ್ದವರು ಕುಡಿಯೂದು ಅಂತ ತಿಳಿದಿದ್ದೆ.

ಮೊದಲನೇ ರಾತ್ರಿ ನಮ್ಮ ಪದ್ಧತಿಯಂಗ
ಗಳಗಳ ಕುದಿಸಿ, ಮ್ಯಾಲೊಂದು ಕುದಿ ತರಿಸಿ
ಬಶಿಗೆ ಸುರುವಿದೆ.
ಬೇವಿನ ಕಡ್ಡಿ ಜಗಿದಂಗಾತು.
ನಾಲಿಗಿ ಒಣಾ ಚರ್ಮ.
ಸಕ್ಕರಿ ಹಾಕಿದೆ, ಇನ್ನಷ್ಟ ಕೆಟ್ಟಿತು.
ಹಾಲು ಹಾಕಿದ್ದನ್ನ ಯಾರಿಗೂ ಹೇಳಬ್ಯಾಡ್ರಿ.

ಗೋಡಿ ಆಚೆ ಯೇಸುಪಾದಂ ಅಜ್ಜ ನಕ್ಕ.
ಉಗಿಬಂಡಿಗೆ ಕಲ್ಲಿದ್ದಲು ಹಾಕಿದ ಕೈ,
ಗುಂತಕಲ್ಲಿಗೆ ಹೋಗಿ ಬಂದು ಹೋಗಿ ಬಂದು
ಅರ್ಧಾ ಕಿವುಡಾದ ಕಿವಿ.
‘ನೀರಿಗೆ ಬಾಯಿ ಅದ, ಕೇಳವ್ವಾ.
ಮೊದ್ಲು ಗುಸುಗುಸು ಅಂತದ,
ಆಮ್ಯಾಲ ರಾಗಾ ತಗೀತದ,
ಕುದಿ ಬಂದ್ರ ದನಿ ಇಳೀತದ.
ಸುಮ್ಮನಾತು ಅಂದ್ರ ತಡಾ ಆತು ಅಂತ ತಿಳಿ.
ನಿನ್ನ ಎಲಿಗೆ ಗುಸುಗುಸು ಸಾಕು.’

ಪಾತ್ರೆ ಇಳಿಸಿ, ಮೂರನೇ ಪೊಟ್ಟಣ ಒಡದು,
ಎಲಿ ಹಾಕಿ ತಾಟು ಮುಚ್ಚಿ
ಅಜ್ಜ ಎಣಿಸಿದ, ನಾನು ಎಣಿಸಿದೆ;
ನೂರಕ್ಕ ಬರೂದ್ರಾಗ ಇಬ್ಬರೂ ತಪ್ಪಿದ್ವಿ.
ಸೋಸಿದರ ಬಣ್ಣಾನ ಇಲ್ಲ.
ಸರಾಫನ ಅಂಗಡ್ಯಾಗ ಉಂಗುರಾ ತೊಳೆದ ನೀರಿನಷ್ಟ ಹಳದಿ.
ಕುಡಿದೆ. ತಡದು, ಗಂಟಲ ಹಿಂದ
ಏನೋ ಬಂತು. ಹಸಿ ಕಡ್ಲಿ!
ಅಣ್ಣಿಗೇರಿ ಎರಿಹೊಲದಾಗ ಸುಲಗಾಯಿ ಕಿತ್ತು
ತೊಳೀದನ ತಿಂದ ಆ ಹುಳಿ, ಆಮ್ಯಾಲ
ಸಂಜಿತನಕ ಬೆರಳಿಗೆ ಹತ್ತಿದ ಹಸರು.

ನಾಲ್ಕನೇದ್ದು ಹುರಿದ ಎಲಿ:
ಬೆಂಕ್ಯಾಗ ಹೊರಳಿಸಿದ ಸೀತನಿ ತೆನಿ,
ಅಂಗೈಯಾಗ ತಿಕ್ಕಿ ಊದಿದ ಬಿಸಿ ಹೊಟ್ಟು.
ಮಲ್ಲಿಗಿ ಬೆರೆಸಿದ್ದೊಂದಿತ್ತು.
ಅಜ್ಜ ಬಶಿ ಕೆಳಗಿಟ್ಟು ‘ಇದು ಯಾರದೋ ಮದವಿ’ ಅಂದ;
ಉಳಿದದ್ದು ತುಳಸಿ ಗಿಡಕ್ಕ ಹೋತು.
ಎರಡನೇದ್ದರಾಗ ರುಚಿ ಸಿಗಲಿಲ್ಲ,
ಇಲ್ಲಾ ನನಗ ಮಾತು ಸಿಗಲಿಲ್ಲ.

ಆದ್ರ ಒಂದು ಗುರುವಾರ ಕಡ್ಲಿ ಕಾಣೆ.
ಅದೇ ಪೊಟ್ಟಣ, ಅದೇ ಪಾತ್ರೆ, ಅದೇ ಗುಸುಗುಸು.
ಕಪ್ಪಿನ ತುಂಬ ಆಸ್ಪತ್ರೆ ವಾಸನಿ.
ಹಿಂದಿನ ರಾತ್ರಿ ನಮ್ಮ ಓಣಿಗೆ ನಳ ಬಂದಿತ್ತು,
ಹೊಸಾ ನೀರು, ಔಷಧದ ನೀರು.
ಶುಕ್ರವಾರ ಅಷ್ಟಕ್ಕಷ್ಟ.
ಸೋಮವಾರ ಎಲಿ ಸ್ವಲ್ಪ ಬಾಯಿಬಿಟ್ಟಿತು.
ಎಂಟನೇ ದಿನ, ಹಂಡೇದ ತಳದ ನೀರು,
ಗಾಳಿಗೆ ಕುಂತು ತನ್ನ ಸಿಟ್ಟು ತಾನ ಮರತದ್ದು,
ಅದರೊಳಗ ಹೊಲಾ ತಿರುಗಿ ಬಂತು.

ಅಜ್ಜಗ ಹೇಳಿದೆ. ‘ಎಂಜಿನ್ನಿಗೂ ಹಂಗ’ ಅಂದ.
‘ಒಂದೊಂದು ಟೇಸನ್ನಿನ ನೀರಿಗೆ ಒಂದೊಂದು ನಡಿಗಿ.
ಕೆಲವು ನೀರು ಕುಡಿದ್ರ ಬಂಡಿ ಬಿಕ್ಕತಿತ್ತು.’

ಏಜೆಂಟನ ಹಾಳ್ಯಾಗ ಖಾನೆ ಅದಾವ:
ಬಣ್ಣ, ಸುವಾಸನೆ, ದರ.
ಮೂರರ ಮುಂದ ‘ಸುಲಗಾಯಿ’ ಅಂತ ಬರದೆ,
ನಾಲ್ಕಕ್ಕ ‘ಸೀತನಿ’. ನೀರಿಗೆ ಖಾನೆ ಇರಲಿಲ್ಲ.
ಅಂಚಿನ್ಯಾಗ ಸಣ್ಣಗ ಬರದೆ: ‘ಎಂಟನೇ ದಿನಾ ಕುಡೀರಿ.’
ಶೇಟ್ರು ಚಸ್ಮಾ ತಗದು ನನ್ನ ನೋಡಿ
ಎರಡು ಧೂಳಿನ ಚಾ ತರಿಸಿದ್ರು.
ಕುಡಿದೆ. ಅದೂ ಚೊಲೋನ ಇತ್ತು.

ಈಗ ರಾತ್ರಿ ಎರಡೂವರಿ. ನಳ ಕೆಮ್ಮಾಕ ಹತ್ತೈತಿ.
ಓಣಿ ತುಂಬ ಕೊಡಪಾನದ ಸಪ್ಪಳ.
ಹಳೇ ನೀರು ಗಟಾರಕ್ಕ, ಮೆಟ್ಟಲಿಗೆ, ಗಿಡಕ್ಕ;
ಎಲ್ಲಾರೂ ಚೆಲ್ಲತಾರ, ನಾನೂ ಚೆಲ್ಲತಿದ್ದೆ.
ಒಂದು ತಂಬಿಗಿ ಮಾತ್ರ ತಗದು ತಾಟು ಮುಚ್ಚಿ
ಗೋಡಿ ಮ್ಯಾಲ ಇಟ್ಟೀನಿ.
ಆಚೆಕಡೆ ಅಜ್ಜನ ದೀಪ ಇನ್ನೂ ಹತ್ತಿಲ್ಲ.
ಐದನೇದ್ದು, ಆರನೇದ್ದು
ಇನ್ನೂ ಒಡದಿಲ್ಲ.